ಕೊಕ್ಕೆಯ ಸದ್ದು

ತನಗೆ ಕುರ್ಚಿಯೇ ಬೇಡವಾಗಿತ್ತು ಎಂದು ಗಾರೆ ಮೇಸ್ತ್ರಿಗೆ ಅನ್ನಿಸಿತು. ಉಳಿದವರ ಹಾಗೆ ನೆಲದ ಮೇಲೆ ಖಾಲಿ ಸಿಮೆಂಟು ಚೀಲ ಹಾಸಿಕೊಂಡು ಕೂರಲು ಬಿಟ್ಟಿದ್ದರೆ ಯಾರದಾದರೂ ಅಗಲ ಬೆನ್ನಿನ ಹಿಂದೆ ಮುಖ ಮರೆಸಿಕೊಳ್ಳಬಹುದಿತ್ತು. ಕಟ್ಟಡದ ನೆಲಮಾಳಿಗೆಯಲ್ಲಿ, ಮುಂದೆ ಎಂದೋ ಕಾರುಗಳು ನಿಲ್ಲಲಿರುವ ಜಾಗದಲ್ಲಿ, ಅರವತ್ತು ಜನ ಕೂತಿದ್ದರು. ಅವರ ಎದುರಿಗೆ ಒಂದು ಮೇಜು, ಮೇಜಿನ ಮೇಲೆ ಹೆಲ್ಮೆಟ್ಟು, ಕೈಗವಸು, ಎತ್ತರದಲ್ಲಿ ಕಟ್ಟಿಕೊಳ್ಳುವ ಹಗ್ಗ ಕೊಕ್ಕೆಯ ಬೆಲ್ಟು. ಮೇಜಿನ ಪಕ್ಕದಲ್ಲಿ ಸೇಫ್ಟಿ ಮೇಡಂ, ಮೇಡಂ ಪಕ್ಕದಲ್ಲಿ ತೋಳಿರುವ ಪ್ಲಾಸ್ಟಿಕ್ ಕುರ್ಚಿ, ಅದರೊಳಗೆ ತಾನು. ಕುರ್ಚಿಯ ಒಂದು ಕಾಲು ಗಿಡ್ಡ. ಮೈ ಸ್ವಲ್ಪ ಅಲುಗಿದರೂ ಕಟಕ್ ಎನ್ನುತ್ತಿತ್ತು, ಮೊದಲ ಸಾಲಿನವರು ತಲೆಯೆತ್ತಿ ನೋಡುತ್ತಿದ್ದರು. ಮೂವತ್ತು ವರ್ಷ ಗೋಡೆಗಳ ಸೊಟ್ಟ ತಿದ್ದಿದ ಕಣ್ಣು ಇಂಥ ಹೊತ್ತಿನಲ್ಲೂ ಸುಮ್ಮನಿರದೆ, ತಪ್ಪು ಕುರ್ಚಿಯದೋ ನೆಲದ್ದೋ ಎಂದು ಅಳೆಯುತ್ತಿತ್ತು. ನೆಲದ್ದಂತೂ ಅಲ್ಲ. ನೆಲ ಹಾಕಿದ್ದು ಅವನದೇ ತಂಡ.

"ಪುಸ್ತಕದಲ್ಲಿ ಇರೋದನ್ನ ನಾನು ಹೇಳ್ತೀನಿ," ಎಂದಳು ಮೇಡಂ. ವಯಸ್ಸು ಮೂವತ್ತು ದಾಟಿರಲಿಲ್ಲ. ದಿನವಿಡೀ ಮೆಷಿನ್ನುಗಳ ಮೇಲೆ ಕೂಗಿ ಕೂಗಿ ಗಂಟಲು ಒಡೆದಿತ್ತು. "ಅನುಭವ ನಮ್ ಮೇಸ್ತ್ರಿಯವರು ಹೇಳ್ತಾರೆ. ಬಿದ್ದು ಬದುಕಿದೋರು ಇವರು."

ಬಿದ್ದು ಬದುಕಿದವನು. ಆರು ತಿಂಗಳಿಂದ ಇದೇ ಅವನ ಹೆಸರಾಗಿಹೋಗಿತ್ತು. ಮೂರನೆಯ ಸಾಲಿನಲ್ಲಿ ಕೂತಿದ್ದ ಹೆಂಡತಿ ಹೆಲ್ಮೆಟ್ಟನ್ನು ಹಿಂದಕ್ಕೆ ತಳ್ಳಿ, ಗಲ್ಲಕ್ಕೆ ಕೈ ಕೊಟ್ಟು, ಮೊದಲ ಸಲ ನೋಡುವವಳಂತೆ ಅವನನ್ನೇ ನೋಡುತ್ತಿದ್ದಳು. ಅವಳ ಹೆಲ್ಮೆಟ್ಟಿನ ಮೇಲೆ ಕೆಂಪು ಚೀಟಿ. ಎತ್ತರದ ಕೆಲಸಕ್ಕೆ ಹೊಸಬರು ಎಂದು ಗುರುತು. ನಾಲ್ಕು ವರ್ಷ ಒಳಕೋಣೆಗಳಿಗೆ ಬಣ್ಣ ಬಳಿದವಳು, ಇವತ್ತು ಮಧ್ಯಾಹ್ನದಿಂದ ಹೊರಗೋಡೆಗೆ, ಏಳನೆಯ ಮಹಡಿಗೆ. ಕೇಳಿ ಹಾಕಿಸಿಕೊಂಡ ಕೆಲಸ. 'ಒಳಗೆ ಬಳಿದೂ ಬಳಿದೂ ಕಣ್ಣೆಲ್ಲ ಬೆಳ್ಳಗಾಯ್ತು ಕಣ್ರೀ, ನಂಗೂ ಸ್ವಲ್ಪ ಗಾಳಿ ಬೇಡ್ವಾ?' ಬೆಳಿಗ್ಗೆ ಅವನು ಕನ್ನಡಿಯ ಮುಂದೆ ಎರಡನೆಯ ಸಲ ಗಡ್ಡ ಕೆರೆಯುತ್ತಿದ್ದಾಗ ಅವಳು ಬಾಗಿಲಿಗೆ ಒರಗಿ ನಿಂತು, 'ಸಾಕು ಮದುಮಗನೇ, ಚರ್ಮ ಉಳಿಸ್ಕೊಳ್ಳಿ' ಎಂದಿದ್ದಳು. ಅವನು ನಕ್ಕಿರಲಿಲ್ಲ. ಬ್ಲೇಡು ಗಂಟಲ ಬಳಿ ಇತ್ತು. 'ಇವತ್ತು ಎಲ್ಲಾ ಸರಿಯಾಗಿ ಹೇಳ್ತೀರಿ ತಾನೆ?' ಎಂದು ಅವಳು ಮತ್ತೆ ಕೇಳಿದ್ದಳು. ಎಲ್ಲಾ ಎನ್ನುವಾಗ ಅವಳ ಹುಬ್ಬು ಒಂದು ಕೂದಲೆಳೆಯಷ್ಟು ಮೇಲಕ್ಕೆ ಹೋಗಿತ್ತೋ, ಕನ್ನಡಿಯೇ ಸೊಟ್ಟಗಿತ್ತೋ, ಈಗಲೂ ತೀರ್ಮಾನವಾಗಿರಲಿಲ್ಲ.

ಎಲ್ಲರ ಹಿಂದೆ, ಕಂಬಕ್ಕೆ ಒರಗಿ, ಸ್ಟೋರಿನ ಅಜ್ಜ ಕೂತಿದ್ದ. ಹೊಸ ದಪ್ಪ ಕನ್ನಡಕ. ಮಡಿಲಲ್ಲಿ ಬೀಗದ ಕೈಗಳ ಗೊಂಚಲು. ಒಂದೊಂದೇ ಕೀಲಿಯನ್ನು ಬಟ್ಟೆಯ ತುದಿಯಿಂದ ಒರೆಸುತ್ತಿದ್ದ. ಊಟವಾದ ಮೇಲೆ ಆ ಗೊಂಚಲನ್ನು ಇಂಜಿನಿಯರ್ ಮೇಜಿನ ಮೇಲೆ ಇಟ್ಟು ಅವನು ಮನೆಗೆ ಹೋಗುವವನಿದ್ದ, ಮತ್ತೆ ಬಾರದ ಹಾಗೆ. ಯಾರೂ ಹೋಗು ಎಂದಿರಲಿಲ್ಲ. ಅವನೇ ಹೇಳಿದ್ದು. 'ಕಣ್ಣು ನಂಬೋಕಾಗ್ತಿಲ್ಲ ಸಾರ್. ಇನ್ನೊಬ್ಬ ಬೀಳೋ ಮುಂಚೆ ಹೋಗ್ಬಿಡ್ತೀನಿ.'

ಒಂದು ಸಣ್ಣ ಮಾತಿನಿಂದ ಶುರುವಾದದ್ದು. ಆ ದಿನ ಮರಳ ರಾಶಿಯ ಮೇಲೆ ಅಂಗಾತ ಬಿದ್ದುಕೊಂಡಿದ್ದಾಗ ಮೇಲೆ ಆಕಾಶವಿತ್ತು, ಆಕಾಶದ ಸುತ್ತ ಒಂದೊಂದೇ ಮುಖ ಬಂದು ಸೇರಿಕೊಂಡಿತ್ತು, ಅದರಲ್ಲೊಂದು ಇಂಜಿನಿಯರ್ ಮುಖ. 'ಕೊಕ್ಕೆ ಹಾಕಿರಲಿಲ್ವಾ?' ಎಂದು ಆ ಮುಖ ಕೇಳಿತು. ಜೀವ ಹೋಗಿ ಬಂದ ಮನುಷ್ಯ ಅಮ್ಮಾ ಎನ್ನುತ್ತಾನೆ, ನೀರು ಎನ್ನುತ್ತಾನೆ. ಇವನ ಬಾಯಿಂದ ಬಂದದ್ದು, 'ಹಾಕಿದ್ದೆ ಸಾರ್. ಅದೇ ಬಿಟ್ಕೊಂಡ್ತು.' ಅಷ್ಟೇ. ಬಿಟ್ಟುಕೊಳ್ಳುವ ಕೊಕ್ಕೆ ಎಂದ ಮೇಲೆ, ಅದನ್ನು ಕೊಟ್ಟವನು ಯಾರು, ನೋಡಿ ಕೊಟ್ಟನೇ, ನೋಡದೆ ಕೊಟ್ಟನೇ ಎಂಬ ಪ್ರಶ್ನೆಗಳು ಸ್ಟೋರಿನ ಕಿಟಕಿಯವರೆಗೆ ನಡೆದುಕೊಂಡು ಹೋಗುತ್ತವೆ ಎಂದು ಆಗ ಹೊಳೆದಿರಲಿಲ್ಲ. ಹೊಳೆದ ಮೇಲೆ ತಡವಾಗಿತ್ತು. ಆಮೇಲೆ ಅದೇ ಮಾತನ್ನು ಗಾರೆಯವರಿಗೆ ಹೇಳಿದ, ಬಡಗಿಗಳಿಗೆ ಹೇಳಿದ, ನೆಂಟರಿಗೆ ಹೇಳಿದ. ಒಂದು ವಾಕ್ಯವಿದ್ದದ್ದು ಉಪ್ಪು ಖಾರ ಹಚ್ಚಿಕೊಂಡು ಕಾಲು ಗಂಟೆಯ ಕಥೆಯಾಯಿತು. ಮೂರನೆಯ ಸಲ ಹೇಳುವಾಗ ಎಲ್ಲಿಂದಲೋ ಒಂದು ಸದ್ದು ಬಂದು ಸೇರಿಕೊಂಡಿತು: ಕೊಕ್ಕೆ ತೆರೆದುಕೊಂಡ ಸದ್ದು, ಟಕ್. ಅದನ್ನು ಹೇಳುವಾಗ ಕೇಳುವವರ ಕಣ್ಣು ಅರಳುತ್ತಿತ್ತು. ಇಂಥ ಕಸಬು ತನಗೆ ಯಾವಾಗ ಬಂತಪ್ಪಾ ಎಂದು ಅವನಿಗೇ ಆಶ್ಚರ್ಯ. ಬರೀ ರೈಲು ಬಿಡುತ್ತಿದ್ದೇನೆ ಎಂದು ಗೊತ್ತಿದ್ದರೂ ಆ ಟಕ್ ಮಾತ್ರ ಎಲ್ಲೋ ನಿಜವಾಗಿಯೂ ಕೇಳಿದ ಹಾಗೆ ಕಿವಿಯಲ್ಲಿ ಗಟ್ಟಿಯಾಗಿ ಕೂತಿತ್ತು.

ನಿಜ ಏನೆಂದರೆ ಅದು ಯಾರಿಗೂ ಹೇಳುವಂಥದ್ದಾಗಿರಲಿಲ್ಲ. ಸಾರುವೆಯ ಮೇಲೆ ನಿಂತು ಗೋಡೆಗೆ ಗಾರೆ ಬಳಿಯುವವನು ಎರಡು ಮಾರು ಸರಿದರೆ ಕೊಕ್ಕೆಯನ್ನು ಈ ಪೈಪಿನಿಂದ ಬಿಚ್ಚಿ ಆ ಪೈಪಿಗೆ ಹಾಕಬೇಕು. ಮತ್ತೆರಡು ಮಾರು, ಮತ್ತೆ ಬಿಚ್ಚು, ಮತ್ತೆ ಹಾಕು. ಅಷ್ಟರಲ್ಲಿ ಗಾರೆ ಬಿಗಿಯುತ್ತದೆ, ಅಂಚು ಕೂಡುವುದಿಲ್ಲ. ಹಾಗಾಗಿ ಮೇಲೆ ಹತ್ತಿದವರೆಲ್ಲ ಒಂದು ಉಪಾಯ ಕಲಿತಿದ್ದರು. ಕೊಕ್ಕೆಯನ್ನು ಪೈಪಿಗೆ ಹಾಕದೆ, ಹಗ್ಗವನ್ನು ಪೈಪಿಗೆ ಸುತ್ತದೆ ಅದರ ಹಿಂದೆ ಇಳಿಬಿಟ್ಟ ಹಾಗೆ ಕಾಣಿಸುವಂತೆ ಮಾಡಿ, ತಮ್ಮ ಬೆಲ್ಟಿನ ಬಳೆಗೇ ಸಿಕ್ಕಿಸಿಕೊಳ್ಳುವುದು. ಕೆಳಗಿಂದ ನೋಡಿದರೆ ಹಗ್ಗ ಇದೆ, ಕೊಕ್ಕೆ ಮುಚ್ಚಿದೆ, ಎಲ್ಲಾ ಸರಿ. ಮೇಲಿರುವವನು ಮಾತ್ರ ಯಾವುದಕ್ಕೂ ಕಟ್ಟಿಕೊಂಡಿಲ್ಲ, ತನಗೆ ತಾನೇ ಕಟ್ಟಿಕೊಂಡಿದ್ದಾನೆ. ಮೇಸ್ತ್ರಿಯ ಕೈ ಇದನ್ನು ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತಿತ್ತು, ಮಣಿಕಟ್ಟನ್ನು ಒಳಕ್ಕೆ ಒಂದು ಸಣ್ಣ ತಿರುವು ತಿರುವಿ. ಅದಾದರೂ ಹೋಗಲಿ. ಬಿದ್ದದ್ದು ಹೇಗೆ? ಪಶ್ಚಿಮದ ಗೋಡೆ ಮುಗಿಸಿ, ಕರಣೆ ಒರೆಸಿ, ಗೋಡೆ ಹೇಗೆ ಬಂದಿದೆ ನೋಡೋಣ ಎಂದು ಒಂದು ಹೆಜ್ಜೆ ಹಿಂದೆ ಸರಿದು ನಿಂತಿದ್ದ. ನೆಲದ ಮೇಲಿರುವ ಹಾಗೆ. ಮೂವತ್ತು ವರ್ಷದ ಮೇಸ್ತ್ರಿ, ಎರಡನೆಯ ಮಹಡಿಯ ಎತ್ತರದಲ್ಲಿ, ತನ್ನ ಗೋಡೆಯ ಅಂದ ನೋಡಲು ಗಾಳಿಯೊಳಕ್ಕೆ ಒಂದು ಹೆಜ್ಜೆ ಇಟ್ಟಿದ್ದ. ಕೆಳಗೆ ಆವತ್ತೇ ಸುರಿದ ಒದ್ದೆ ಮರಳಿರದಿದ್ದರೆ ಇವತ್ತು ಕುರ್ಚಿಯೂ ಇಲ್ಲ, ಕಥೆಯೂ ಇಲ್ಲ.

"ಮೇಸ್ತ್ರಿಯವರೇ, ಶುರು ಮಾಡಿ," ಎಂದಳು ಮೇಡಂ.

ಎದ್ದು ನಿಂತ. ಇವತ್ತು ಹೇಳಿಬಿಡುತ್ತೇನೆ ಎಂದು ಬೆಳಿಗ್ಗೆ ಮುಖ ತೊಳೆಯುವಾಗ ಅಂದುಕೊಂಡಿದ್ದ. ನಿನ್ನೆಯೂ ಅಂದುಕೊಂಡಿದ್ದ. ದಿನಾ ಬೆಳಿಗ್ಗೆ ಬೆಲ್ಟು ಇಸಿದುಕೊಳ್ಳಲು ಸ್ಟೋರಿನ ಕಿಟಕಿಯ ಮುಂದೆ ನಿಂತಾಗಲೂ ಅಂದುಕೊಳ್ಳುತ್ತಿದ್ದ. ಮುಂಚೆ ಅಜ್ಜ ಯಾರಿಗೂ ಬೆಲ್ಟು ಕೈಗೆ ಕೊಟ್ಟವನಲ್ಲ, ಎಸೆಯುವುದೇ. ಒಬ್ಬೊಬ್ಬರಿಗೂ ಒಂದೊಂದು ಬೈಗುಳ ಸೇರಿಸಿ, 'ಹಿಡ್ಕೋ ಗೂಬೆ', 'ಹಿಡ್ಕೋ ಸೋಮಾರಿ', 'ಹಿಡ್ಕೊಳ್ಳಪ್ಪಾ ಜಮೀನ್ದಾರ, ನಿದ್ದೆ ಆಯ್ತಾ?' ಬೈಸಿಕೊಂಡವರು ನಗುತ್ತ ಹಿಡಿದುಕೊಳ್ಳುತ್ತಿದ್ದರು. ಬೈಯದ ದಿನ ಅಜ್ಜನಿಗೆ ಮೈ ಸರಿಯಿಲ್ಲ ಎಂದು ಅರ್ಥ. ಈಗಲೂ ಉಳಿದವರಿಗೆಲ್ಲ ಎಸೆಯುತ್ತಿದ್ದ. ಮೇಸ್ತ್ರಿಯ ಸರದಿ ಬಂದಾಗ ಮಾತ್ರ ಎದ್ದು ನಿಂತು, ಇರುವುದರಲ್ಲಿ ಒಳ್ಳೆಯ ಬೆಲ್ಟು ಆರಿಸಿ, ಕೊಕ್ಕೆಯನ್ನು ಕಿವಿಯ ಹತ್ತಿರ ಹಿಡಿದು ಹತ್ತು ಸಲ ಒತ್ತಿ, ಎರಡೂ ಕೈಯಲ್ಲಿ ಕೊಡುತ್ತಿದ್ದ. 'ಇದು ಸರಿ ಇದೆ ಕಣಪ್ಪಾ. ನಾನೇ ನೋಡಿದೀನಿ.' ಆ ಎರಡು ಕೈಗಳನ್ನು ನೋಡಿದರೆ ಮೇಸ್ತ್ರಿಗೆ ನೆಲ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಬಿದ್ದ ದಿನದ ಬೆಲ್ಟನ್ನು ಅಜ್ಜ ಬೇರೆ ಮೊಳೆಗೆ ತೂಗುಹಾಕಿದ್ದ. ಸಂಜೆ ಹೊತ್ತು ಅದನ್ನು ಇಳಿಸಿಕೊಂಡು ಒತ್ತಿ ಒತ್ತಿ ನೋಡುತ್ತಿದ್ದ. ಪ್ರತಿ ಸಲವೂ ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಮುಚ್ಚಿಕೊಂಡಷ್ಟೂ ಅಜ್ಜನಿಗೆ ಚಿಂತೆ ಹೆಚ್ಚು. 'ಇದ್ರಲ್ಲಿ ದೋಷ ಇದೆ, ನನ್ ಕಣ್ಣಿಗೆ ಸಿಗ್ತಿಲ್ಲ ಅಷ್ಟೇ' ಎಂದು ಹೊಸ ಕನ್ನಡಕ ಮಾಡಿಸಿಕೊಂಡ.

ಬಾಯಿ ತೆರೆದ. ಬಂದದ್ದು ಹಳೆಯ ಕಥೆಯೇ. ಗಾಳಿ ಹೇಗಿತ್ತು, ಬಿಸಿಲು ಹೇಗಿತ್ತು, ಕಾಲು ಹೇಗೆ ಜಾರಿತು. ನಾಲಿಗೆ ತನ್ನಷ್ಟಕ್ಕೆ ತಾನೇ ಓಡುತ್ತಿತ್ತು, ಅವನು ಅದರ ಹಿಂದೆ ಓಡುತ್ತಿದ್ದ. ಎರಡನೆಯ ಸಾಲಿನಲ್ಲಿ ಕಂಬಿ ಕಟ್ಟುವವನು, ಎದ್ದಾಗಿನಿಂದ ಮಲಗುವ ತನಕ ಮಾತಾಡುವ ಕಾರಣಕ್ಕೆ ಎಲ್ಲರೂ ರೇಡಿಯೋ ಎಂದು ಕರೆಯುತ್ತಿದ್ದವನು, ಮೊಣಕಾಲಿನ ಮೇಲೆ ಎದ್ದು ಕೂತ.

"ಆ ಸದ್ದು ಬಿಟ್ಬಿಟ್ರಲ್ಲ ಮೇಸ್ತ್ರಿ! ಹೊಸಬ್ರಿಗೆ ಕೇಳಿಸಿ."

"ಟಕ್," ಎಂದ ಮೇಸ್ತ್ರಿ.

ಕಂಬದ ಬುಡದಲ್ಲಿ ಅಜ್ಜನ ತಲೆ ಒಂದು ಗೇಣು ಕೆಳಗಿಳಿಯಿತು. ಕೀಲಿ ಒರೆಸುವ ಕೈ ನಿಂತಿತು. ಉಳಿದವರು ಚಪ್ಪಾಳೆ ತಟ್ಟಿದರು. ಮೇಡಂ ಕೂಡ. ಹೆಂಡತಿಯೊಬ್ಬಳೇ ತಟ್ಟಲಿಲ್ಲ. ಅವಳು ಹೆಲ್ಮೆಟ್ಟನ್ನು ಮುಂದಕ್ಕೆ ಎಳೆದುಕೊಂಡು ಗಲ್ಲದ ಪಟ್ಟಿ ಬಿಗಿಮಾಡಿಕೊಂಡಳು. ಮೇಸ್ತ್ರಿ ಕುರ್ಚಿಗೆ ಬಿದ್ದ. ಕುರ್ಚಿ ಕಟಕ್ ಎಂದಿತು. ತನ್ನಷ್ಟು ಹೇಡಿ ಈ ಕಟ್ಟಡದಲ್ಲಿ ಇನ್ನೊಬ್ಬನಿಲ್ಲ ಎಂದು ಅವನಿಗೆ ಬಹಳ ಸ್ಪಷ್ಟವಾಗಿ ತಿಳಿಯಿತು.

ಅಭ್ಯಾಸಕ್ಕೆ ಹೊರಗೆ ಬಯಲಿನಲ್ಲಿ ಆಳೆತ್ತರದ ಸಾರುವೆ ಕಟ್ಟಿದ್ದರು. ನಾಲ್ಕು ಹಲಗೆ, ಅದರ ಮೇಲೆ ತಲೆಗಿಂತ ಎತ್ತರದಲ್ಲಿ ಕೊಕ್ಕೆ ಹಾಕಲು ಒಂದು ಉದ್ದ ಪೈಪು, ಕೆಳಗೆ ಮೆತ್ತಗೆ ಹರಡಿದ ಮರಳು. ಕೆಂಪು ಚೀಟಿಯವರು ಒಬ್ಬೊಬ್ಬರಾಗಿ ಹತ್ತಿ, ಕೊಕ್ಕೆ ಹಾಕಿ, ನಾಲ್ಕು ಹೆಜ್ಜೆ ನಡೆದು, ಕೆಲಸ ಮಾಡಿದ ಹಾಗೆ ಮಾಡಿ, ಇಳಿಯಬೇಕು. ಬಿಸಿಲು ಚೆನ್ನಾಗಿತ್ತು. ಒಬ್ಬ ಕೊಕ್ಕೆಯನ್ನು ಪೈಪಿಗೆ ಹಾಕುವ ಬದಲು ಏಣಿಗೆ ಹಾಕಿಕೊಂಡು ಮುಂದೆ ಹೋಗಲಾರದೆ ಗೂಟಕ್ಕೆ ಕಟ್ಟಿದ ಕರುವಿನಂತೆ ಜಗ್ಗಾಡಿದ. ಇನ್ನೊಬ್ಬ ಆಳೆತ್ತರಕ್ಕೇ ಕಣ್ಣು ಮುಚ್ಚಿಕೊಂಡ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ಬಿದ್ದು ಬದುಕಿದವನೊಬ್ಬನನ್ನು ಬಿಟ್ಟು. ಅವನು ಸ್ಟೋರಿನ ಬಾಗಿಲ ಕಡೆ ನೋಡುತ್ತಿದ್ದ. ಅಜ್ಜ ಹೊಸ್ತಿಲಲ್ಲಿ ನಿಂತು, ಗೊಂಚಲು ಹಿಡಿದ ಕೈಯನ್ನು ಹಣೆಗೆ ಮರೆ ಮಾಡಿಕೊಂಡು, ಕೊನೆಯ ಸಲ ಎನ್ನುವ ಹಾಗೆ ಎಲ್ಲವನ್ನೂ ನೋಡುತ್ತಿದ್ದ.

ಹೆಂಡತಿಯ ಸರದಿ ಬಂತು. ಕೈಯಲ್ಲಿ ಒಂದು ಒಣ ಕುಂಚ ಹಿಡಿದು ಏಣಿ ಹತ್ತಿದಳು. ಚೆನ್ನಾಗಿಯೇ ಹತ್ತುತ್ತಾಳೆ ಎಂದು ಅವನಿಗೆ ಹೆಮ್ಮೆಯಾಯಿತು. ಮೊದಲು ಕಾಲು ಊರಿ ಆಮೇಲೆ ಭಾರ ಬಿಡುವ ಕ್ರಮ ಅವನದೇ. ಎಷ್ಟು ವರ್ಷ ಅವನು ಮೇಲೆ, ಅವಳು ಕೆಳಗೆ. ಊಟದ ಡಬ್ಬಿ ಹಿಡಿದು ಬಂದವಳು ಇಳೀರೀ ಎಂದು ಕೂಗುವ ಮುಂಚೆ ಒಂದು ಕ್ಷಣ ಸುಮ್ಮನೆ ನಿಂತು ನೋಡುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು, ಗೊತ್ತಿಲ್ಲದ ಹಾಗೆ ಇನ್ನೊಂದು ಕರಣೆ ಗಾರೆ ಹೆಚ್ಚು ನಾಜೂಕಾಗಿ ಎಳೆಯುತ್ತಿದ್ದ. ಹಲಗೆಯ ಮೇಲೆ ಅವಳು ನೆಟ್ಟಗೆ ನಿಂತಳು. ಕೊಕ್ಕೆ ಹಿಡಿದ ಕೈ ಪೈಪಿನ ಕಡೆ ಹೋಯಿತು. ಹೋಗಿ, ಪೈಪಿನ ಹಿಂದೆ ಹಗ್ಗ ಇಳಿಬಿಟ್ಟ ಹಾಗೆ ಮಾಡಿ, ಮಣಿಕಟ್ಟು ಒಳಕ್ಕೆ ಒಂದು ಸಣ್ಣ ತಿರುವು ತಿರುಗಿತು.

ಅದು ಅವನದೇ ಕೈ. ಇನ್ನೊಬ್ಬರ ಮೈಗೆ ಅಂಟಿಸಿದ ಅವನ ಕೈ. ಕೆಳಗಿನಿಂದ ನೋಡಿದರೆ ಹಗ್ಗ ಇತ್ತು, ಕೊಕ್ಕೆ ಮುಚ್ಚಿತ್ತು. ಮೇಡಂ ತಲೆಯೆತ್ತಿ ನೋಡಿ, "ಹಾಂ, ಸರಿ ಇದೆ," ಎಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡಳು. ಸರಿ ಇಲ್ಲ ಎನ್ನಲು ಅವನ ನಾಲಿಗೆ ಏಳಲಿಲ್ಲ. ಕಾಲು ಗಂಟೆ ಮುಂಚೆ ಅಷ್ಟೆಲ್ಲ ಓಡಿದ ನಾಲಿಗೆ. ಹೆಂಡತಿ ನಾಲ್ಕು ಹೆಜ್ಜೆ ನಡೆದಳು. ಇಲ್ಲದ ಗೋಡೆಗೆ ಒಣ ಕುಂಚದಿಂದ ಮೇಲಿನಿಂದ ಕೆಳಗೆ ಬಳಿದಳು. ಒಮ್ಮೆ, ಎರಡು ಸಲ. ಆಮೇಲೆ ಕುಂಚವನ್ನು ಸೊಂಟಕ್ಕೆ ಒರೆಸಿ, ತಲೆಯನ್ನು ಓರೆ ಮಾಡಿ, ಬಣ್ಣ ಹೇಗೆ ಬಂದಿದೆ ನೋಡೋಣ ಎನ್ನುವವಳ ಹಾಗೆ, ಒಂದು ಕಾಲು ಹಿಂದಕ್ಕೆ ಎತ್ತಿದಳು. ಹಿಮ್ಮಡಿ ಹಲಗೆಯ ಅಂಚು ದಾಟಿ ಗಾಳಿಯಲ್ಲಿ ನಿಂತಿತು.

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಹನ್ನೊಂದು ಸಲ ಹೇಳಿದ ಕಥೆಯಲ್ಲಿ ಒಂದು ಸಲವೂ ಈ ಹೆಜ್ಜೆ ಇರಲಿಲ್ಲ.

"ನಿಲ್ಲೇ!" ಎಂದು ಕಿರುಚಿದ. "ಕೊಕ್ಕೆ ಹಾಕಿಲ್ಲ ಅವಳು! ಹಿಡ್ಕೊಳ್ಳಿ, ಯಾರಾದ್ರೂ ಹಿಡ್ಕೊಳ್ಳಿ!"

"ಹಾಕಿದಾರಲ್ಲ ಮೇಸ್ತ್ರಿಯವರೇ," ಎಂದಳು ಮೇಡಂ.

"ಹಾಕಿರೋದು ಅವಳಿಗೇ ಮೇಡಂ! ಅವಳ ಬೆಲ್ಟಿಗೇ ಹಾಕ್ಕೊಂಡಿದಾಳೆ! ಆವತ್ತು ನಾನು ಹಾಕ್ಕೊಂಡಿದ್ನಲ್ಲ, ಹಂಗೇ!"

ಮಾತು ಬಾಯಿಂದ ಹೊರಗೆ ಬಿದ್ದ ಮೇಲೆಯೇ ಅದು ಏನೆಂದು ಅವನಿಗೆ ಕೇಳಿಸಿದ್ದು. ಬಯಲಿನಲ್ಲಿ ಅರವತ್ತು ತಲೆಗಳು ಅವನ ಕಡೆ ತಿರುಗಿದವು. ಎಲ್ಲೋ ದೂರದಲ್ಲಿ ಗಾರೆ ಕಲಸುವ ಮೆಷಿನ್ನು ಒಂದೇ ಗರಗರ ಎನ್ನುತ್ತಿತ್ತು. ಹೆಂಡತಿ ಕಾಲನ್ನು ನಿಧಾನವಾಗಿ ಹಲಗೆಯ ಮೇಲೆ ವಾಪಸು ಇಟ್ಟಳು. ಅವಳ ಎಡಗೈ ಉದ್ದಕ್ಕೂ ಮೇಲಿನ ಪೈಪನ್ನು ಭದ್ರವಾಗಿ ಹಿಡಿದಿತ್ತು ಎಂಬುದು ಅವನಿಗೆ ಈಗ ಕಾಣಿಸಿತು.

"ಏನಂದ್ರಿ?" ಎಂದಳು ಮೇಡಂ.

ಈ ಸಲ ಕಥೆ ಚಿಕ್ಕದಾಗಿತ್ತು. "ಕೊಕ್ಕೆ ನನಗೇ ಹಾಕ್ಕೊಂಡಿದ್ದೆ. ಗೋಡೆ ಹೆಂಗೆ ಬಂದಿದೆ ನೋಡೋಣ ಅಂತ ಒಂದು ಹೆಜ್ಜೆ ಹಿಂದೆ ಸರಿದೆ. ಬಿದ್ದೆ. ಕೊಕ್ಕೆ ಬಿಟ್ಕೊಳ್ಳಲಿಲ್ಲ ಮೇಡಂ. ಕೊಕ್ಕೆದು ಏನೂ ತಪ್ಪಿಲ್ಲ. ಅಜ್ಜಂದೂ ಇಲ್ಲ." ಮುಖವೆಲ್ಲ ಉರಿಯುತ್ತಿತ್ತು, ಬೆಳಿಗ್ಗೆ ಎರಡು ಸಲ ಕೆರೆದ ಜಾಗದಲ್ಲಿ ಇನ್ನಷ್ಟು. ಈಗ ಯಾರಾದರೂ ಉಗಿಯುತ್ತಾರೆ, ಥೂ ಎನ್ನುತ್ತಾರೆ ಎಂದು ಕಾದ. ಉಗಿಯಲಿ. ಆರು ತಿಂಗಳಲ್ಲಿ ಮೊದಲ ಸಲ ಉಸಿರು ಹೊಟ್ಟೆಯ ತಳದವರೆಗೆ ಇಳಿದು ಬಂದಿತ್ತು, ಅದೊಂದೇ ಸಾಕಾಗಿತ್ತು.

ರೇಡಿಯೋ ಕೇಳಿದ, ಬಹಳ ಗಂಭೀರವಾಗಿ, "ಗೋಡೆ ಹೆಂಗೆ ಬಂದಿತ್ತು ಮೇಸ್ತ್ರಿ?"

"ಚೆನ್ನಾಗಿ ಬಂದಿತ್ತು," ಎಂದುಬಿಟ್ಟ ಮೇಸ್ತ್ರಿ. "ಒಂದು ನೂಲೂ ಸೊಟ್ಟ ಇರಲಿಲ್ಲ."

ಮೊದಲು ನಕ್ಕದ್ದು ಯಾರೋ ಗೊತ್ತಾಗಲಿಲ್ಲ. ಆಮೇಲೆ ಎಲ್ಲರೂ. ಹೆಲ್ಮೆಟ್ಟು ಕಳಚಿ ತೊಡೆಗೆ ಬಡಿದುಕೊಂಡು ನಕ್ಕರು, ಪಕ್ಕದವನ ಹೆಗಲಿಗೆ ಬಿದ್ದು ನಕ್ಕರು. ಬಿದ್ದವನು ಬೀಳುತ್ತ ಬೀಳುತ್ತ ಗೋಡೆ ನೋಡಿಕೊಂಡೇ ಬಿದ್ದನಂತೆ ಎಂದು ಹಿಂದಿನ ಸಾಲಿಗೆ ಆಗಲೇ ಹೊಸ ಕಥೆ ಹೊರಟಿತ್ತು. ಮೇಡಂ ನಗಲಿಲ್ಲ. ಅವಳು ಹಲಗೆಯ ಮೇಲಿದ್ದ ಹೆಂಗಸನ್ನು ನೋಡಿದಳು, ತಾನು ಸರಿ ಎಂದು ಗುರುತು ಹಾಕಿದ ಪುಸ್ತಕವನ್ನು ನೋಡಿದಳು. ಪುಸ್ತಕ ಮುಚ್ಚಿ ಮರಳಿನ ಮೇಲೆ ಇಟ್ಟಳು.

"ಬರ್ಕೊಳ್ಳಲ್ಲ. ಯಾರನ್ನೂ ಬೈಯಲ್ಲ. ಇಲ್ಲಿ ಯಾರ್ಯಾರು ಹೀಗೆ ತಮಗೇ ಹಾಕ್ಕೋತೀರಿ? ಕೈ ಎತ್ತಿ."

ನಗು ನಿಂತಿತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಸ್ತ್ರಿ ತನ್ನ ಕೈ ಎತ್ತಿದ. ಅವನ ಹಿಂದೆ ಒಬ್ಬ ಬಡಗಿ. ಆಮೇಲೆ ಒಂದು, ಎರಡು, ಹತ್ತು. ರೇಡಿಯೋ ಎರಡೂ ಕೈ ಎತ್ತಿದ. ಲೆಕ್ಕ ಹಾಕುವುದನ್ನು ಅರ್ಧಕ್ಕೆ ಬಿಟ್ಟು ಮೇಡಂ ಏಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ದೇವರೇ," ಎಂದಳು ಒಡೆದ ದನಿಯಲ್ಲಿ. "ಎರಡು ವರ್ಷದಿಂದ ನಾನು ಕೆಳಗೆ ನಿಂತು ಏನನ್ನ ನೋಡ್ತಿದ್ದೆ?" ಆಮೇಲೆ ಎದ್ದಳು. ಇನ್ನು ಮೇಲೆ ಕೆಳಗೆ ನಿಂತು ನೋಡುವುದಿಲ್ಲ, ಮೇಲೇ ಹತ್ತಿ ಬರುತ್ತೇನೆ ಎಂದಳು. ಸಾರುವೆಯ ಉದ್ದಕ್ಕೂ ಬಿಚ್ಚದೆ ಜರುಗಿಸಬಹುದಾದ ಹಗ್ಗ ಕಟ್ಟಿಸಲು ಇವತ್ತೇ ಇಂಜಿನಿಯರ್ ಹತ್ತಿರ ಕೇಳುತ್ತೇನೆ, ಗಾರೆ ಬಿಗಿಯುವ ಕಷ್ಟ ತನಗೆ ಯಾರೂ ಹೇಳಿರಲೇ ಇಲ್ಲವಲ್ಲ ಎಂದು ಒಂದಿಷ್ಟು ರೇಗಿದಳು. ಹೆಂಡತಿ ಈಗ ಕೊಕ್ಕೆಯನ್ನು ತನ್ನ ಬೆಲ್ಟಿನಿಂದ ಬಿಚ್ಚಿ, ತಲೆಯ ಮೇಲಿನ ಪೈಪಿಗೆ ಹಾಕಿ, ಎರಡು ಸಲ ಜಗ್ಗಿ ತೋರಿಸಿ, ನಡೆದು, ಇಳಿದು ಬಂದಳು. ಮೇಡಂ ಅವಳ ಹೆಲ್ಮೆಟ್ಟಿನ ಕೆಂಪು ಚೀಟಿ ಕಿತ್ತು, ಎರಡು ಹೆಜ್ಜೆ ನಡೆದು, ಅದೇ ಚೀಟಿಯನ್ನು ಮೇಸ್ತ್ರಿಯ ಹೆಲ್ಮೆಟ್ಟಿಗೆ ಒತ್ತಿ ಅಂಟಿಸಿದಳು. "ನೀವು ಇವತ್ತಿಂದ ಹೊಸಬರು. ಇಪ್ಪತ್ತು ಸಲ ಹತ್ತಿ ಇಳೀಬೇಕು. ಅಲ್ಲಿವರೆಗೂ ಗೋಡೆ ಇಲ್ಲ." ಮತ್ತೆ ಚಪ್ಪಾಳೆ. ಈ ಚಪ್ಪಾಳೆ ಮೈಗೆ ಹತ್ತಿತು.

ಆದರೆ ಸ್ಟೋರಿನ ಹೊಸ್ತಿಲು ಖಾಲಿಯಾಗಿತ್ತು. ಅಜ್ಜ ಎಷ್ಟು ಕೇಳಿಸಿಕೊಂಡ, ಯಾವಾಗ ಹೋದ, ಒಳಗೆ ಹೋದನೋ, ಇಂಜಿನಿಯರ್ ಕೋಣೆಗೇ ಹೋದನೋ, ಯಾರೂ ನೋಡಿರಲಿಲ್ಲ. ಮೇಸ್ತ್ರಿಯ ಸಂತೋಷ ಅಲ್ಲಿಯೇ ಅರ್ಧಕ್ಕೆ ನಿಂತಿತು. ನೀರಿನ ಡ್ರಮ್ಮಿನ ಬಳಿ ಹೆಂಡತಿ ಮುಖ ತೊಳೆಯುತ್ತಿದ್ದಳು. ಅವನು ಹೋಗಿ ಪಕ್ಕದಲ್ಲಿ ನಿಂತ. ಕೆಂಪು ಚೀಟಿ ಹಣೆಯ ಮೇಲೆ ತುರಿಸುತ್ತಿದ್ದ ಹಾಗೆ ಅನ್ನಿಸುತ್ತಿತ್ತು.

"ನೋಡ್ತಿದ್ಯಾ ಆವತ್ತು?"

"ಮತ್ತೆ? ಡಬ್ಬಿ ಹಿಡ್ಕೊಂಡು ಕೆಳಗೇ ನಿಂತಿದ್ನಲ್ಲ. ನೀವು ತಲೆ ಓರೆ ಮಾಡಿದ ತಕ್ಷಣ ಗೊತ್ತಾಯ್ತು, ಈಗ ಹಿಂದೆ ಸರೀತಾರೆ ಇವರು ಅಂತ. ಮನೇಲಿ ಗೋಡೆಗೆ ಕ್ಯಾಲೆಂಡರ್ ನೇತು ಹಾಕಿದ್ರೂ ಹಂಗೇ ಮಾಡ್ತೀರಿ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಮುಖ ಒರೆಸಿದ ಮೇಲೂ ಸೆರಗು ಸ್ವಲ್ಪ ಹೊತ್ತು ಕಣ್ಣಿನ ಮೇಲೇ ಇತ್ತು. "ಕೂಗೋಕೂ ಆಗಲಿಲ್ಲ ಕಣ್ರೀ. ಬಾಯೇ ಬರಲಿಲ್ಲ. ಓಡಿ ಬಂದೆ. ಎಲ್ಲರಿಗಿಂತ ಮೊದಲು ನಾನೇ ಬಂದಿದ್ದು. ನೋಡಿದ್ರೆ ಕೊಕ್ಕೆ ನಿಮ್ ಸೊಂಟದಲ್ಲೇ ಕೂತಿದೆ. ಉಳಿದೋರು ನೋಡಿದ್ರೆ ನಿಮ್ ಮರ್ಯಾದೆ ಏನಾಗ್ಬೇಕು? ಬಿಚ್ಚಿಬಿಟ್ಟೆ."

ಸೊಂಟದ ಹತ್ತಿರ ಒಂದು ಕೈ ಆಡಿದ್ದು ಅವನಿಗೆ ನೆನಪಿತ್ತು. ಉಸಿರಾಡಲೆಂದು ಬೆಲ್ಟು ಸಡಿಲಿಸುತ್ತಿದ್ದಾಳೆ ಅಂದುಕೊಂಡಿದ್ದ. ಆಕಾಶ, ಮುಖಗಳು ಇನ್ನೂ ಬಂದಿರಲಿಲ್ಲ, ಮರಳು ತಣ್ಣಗಿತ್ತು, ಮತ್ತೆ ಕಿವಿಯ ಕೆಳಗೆ ಎಲ್ಲೋ, ಟಕ್. ಅವನು ಡ್ರಮ್ಮಿನ ಅಂಚು ಹಿಡಿದುಕೊಂಡ. ತಾನು ಕಟ್ಟಿದ ಕಥೆಯಲ್ಲಿ ಅದೊಂದೇ ನಿಜವಾಗಿತ್ತು, ಮತ್ತು ಅದು ಇವಳ ಕೈಯ ಸದ್ದಾಗಿತ್ತು.

"ಅಲ್ವೇ, ಆರು ತಿಂಗಳು? ಒಂದು ಮಾತು ಕೇಳಬಾರದಿತ್ತಾ?"

"ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ. ನಾನು ಬಿಚ್ಚಿದ್ದಕ್ಕೇ ತಾನೇ ಅಜ್ಜನ ತಲೆ ಮೇಲೆ ಬಂದಿದ್ದು? ನಿಮಗಿಂತ ಒಂದು ಗುಲಗಂಜಿ ಹೆಚ್ಚೇ ತಪ್ಪು ನಂದು. ಇವತ್ತು ಕೀಲಿ ಕೊಡ್ತಾನೆ ಅಂದ ಮೇಲೆ ಇನ್ನೆಲ್ಲಿ ಕಾಯೋದು?" ಅವನ ಹೆಲ್ಮೆಟ್ಟಿನ ಚೀಟಿಯನ್ನು ಬೆರಳಿನಿಂದ ತಟ್ಟಿ ನೋಡಿದಳು. ನಗು ತಡೆಯಲಾಗಲಿಲ್ಲ. "ಚೆನ್ನಾಗಿ ಒಪ್ಪುತ್ತೆ ರೀ. ನಡೀರಿ, ಇಬ್ರೂ ಹೋಗಿ ಬೈಸ್ಕೊಳ್ಳೋಣ."

ಸ್ಟೋರಿನ ಕಿಟಕಿಯ ಮುಂದೆ ಕೆಂಪು ಚೀಟಿಯವರ ಸಾಲು ಆಗಲೇ ನಿಂತಿತ್ತು. ಹಾಗಾದರೆ ಒಳಗೆ ಇದ್ದಾನೆ. ಹಿಡ್ಕೋ, ಹಿಡ್ಕೋ ಎಂಬ ದನಿಯ ಜೊತೆ ಬೆಲ್ಟುಗಳು ಹೊರಗೆ ಹಾರಿ ಬರುತ್ತಿದ್ದವು. ಬೈಗುಳ ಮಾತ್ರ ಇರಲಿಲ್ಲ. ಸಾಲು ಕರಗಿತು. ಹೆಂಡತಿ ಮುಂದೆ ಹೋಗಿ ಕಿಟಕಿಯೊಳಕ್ಕೆ ಬಗ್ಗಿ ಏನೋ ಪಿಸುಗುಟ್ಟಿದಳು, ಬಹಳ ಹೊತ್ತು. ಒಳಗಿನಿಂದ 'ಹೂಂ' ಎಂದಷ್ಟೇ ಕೇಳಿಸಿತು. ಅವಳು ಬೆಲ್ಟು ತೆಗೆದುಕೊಂಡು ಪಕ್ಕಕ್ಕೆ ಸರಿದಳು. ಮೇಸ್ತ್ರಿ ಕಿಟಕಿಯ ಮುಂದೆ ನಿಂತ. ಮೂವತ್ತು ವರ್ಷದಲ್ಲಿ ಎಷ್ಟೋ ಕಿಟಕಿಗಳಿಗೆ ಅಂಚು ಕಟ್ಟಿದ್ದ, ಯಾವುದರ ಮುಂದೆಯೂ ಹೀಗೆ ಕೈ ಕಟ್ಟಿ ನಿಂತಿರಲಿಲ್ಲ. ಅಜ್ಜ ಹಳೆಯ ಕನ್ನಡಕ ಹಾಕಿಕೊಂಡಿದ್ದ, ಒಂದು ಕಾಲಿಗೆ ದಾರ ಕಟ್ಟಿದ್ದದ್ದು. ಹೊಸದು ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ಒಂಟಿ ಮೊಳೆ ಖಾಲಿ. ಆ ಬೆಲ್ಟು ಅಜ್ಜನ ಕೈಯಲ್ಲಿತ್ತು.

"ಅಜ್ಜಾ, ತಪ್ಪಾಯ್ತು."

"ತಪ್ಪಾಯ್ತಂತೆ!" ಅಜ್ಜನ ದನಿ ಮೆಲ್ಲಗೆ ಶುರುವಾಗಿ ಏರಿತು. "ಆರು ತಿಂಗಳು ಈ ಕೊಕ್ಕೆ ಒತ್ತಿ ಒತ್ತಿ ಹೆಬ್ಬೆರಳು ಸವೆದು ಹೋಯ್ತಲ್ಲೋ ಕತ್ತೆ! ಹೊಸ ಕನ್ನಡಕ ಬೇರೆ. ಅದ್ರಲ್ಲಿ ಮೆಟ್ಟಿಲೆಲ್ಲ ಎರಡೆರಡು ಕಾಣ್ತಿತ್ತು. ಬಿದ್ದಿದ್ದು ನೀನು, ತಲೆ ತಿರುಗಿದ್ದು ನಂಗೆ! ಗೋಡೆ ನೋಡೋಕೆ ಹಿಂದೆ ಹೋದ್ನಂತೆ ಗೋಡೆ ನೋಡೋಕೆ! ಏನ್ ಅರಮನೆ ಕಟ್ತಿದ್ಯೇನೋ ಮಂಗ? ಹಿಡ್ಕೋ!"

ಬೆಲ್ಟು ಹಾರಿ ಬಂದು ಎದೆಗೆ ಬಡಿಯಿತು. ಕೊಕ್ಕೆ ಪಕ್ಕೆಲುಬಿಗೆ ಸರಿಯಾಗಿ ತಾಗಿತು. ನೋವಾಯಿತು. ಮೇಸ್ತ್ರಿ ಅದನ್ನು ಎರಡೂ ತೋಳಿನಲ್ಲಿ ತಬ್ಬಿ ಹಿಡಿದುಕೊಂಡ. ಬಿದ್ದ ದಿನ ಕೂಡ ಅಳದವನಿಗೆ ಈಗ ನಗುವೂ ಅಳುವೂ ಒಟ್ಟಿಗೆ ಬಂದವು, ಯಾವುದನ್ನೂ ತಡೆಯಲಿಲ್ಲ. ಕಿಟಕಿಯೊಳಗೆ ಗೊಂಚಲು ಝಲ್ಲೆಂದು ಅಜ್ಜನ ಸೊಂಟಕ್ಕೆ ವಾಪಸು ಹೋಗಿ ಕೂತ ಸದ್ದಾಯಿತು.

"ನಿಂತಿದ್ದೀಯ ಯಾಕೆ? ಇಪ್ಪತ್ತು ಸಲ ಅಂದ್ರಲ್ಲ ಮೇಡಂ. ಹೋಗು. ನಾನು ಇಲ್ಲಿಂದ್ಲೇ ಎಣಿಸ್ತೀನಿ."

ಹೋದ. ಬಯಲು ಖಾಲಿಯಾಗಿತ್ತು. ಏಳನೆಯ ಮಹಡಿಯ ಸಾರುವೆಯಲ್ಲಿ ಹೆಂಡತಿ, ಬೆರಳಿನಷ್ಟು ಚಿಕ್ಕವಳಾಗಿ ಕಾಣುತ್ತ, ಮೇಲಿನ ಪೈಪಿಗೆ ಕೊಕ್ಕೆ ಹಾಕಿ ಎರಡು ಸಲ ಜಗ್ಗಿದ್ದು ಕಾಣಿಸಿತು. ಅವಳ ಪಕ್ಕದಲ್ಲಿ ಮೇಡಂ ನಿಂತಿದ್ದಳು. ಅವನು ಆಳೆತ್ತರದ ಸಾರುವೆ ಹತ್ತಿ, ಹೊಸಬನಂತೆ ಎರಡೂ ಕೈ ಉಪಯೋಗಿಸಿ, ಕೊಕ್ಕೆ ಹಾಕಿದ. ಟಕ್. ಸ್ಟೋರಿನ ಕಡೆ ತಿರುಗಿ ನೋಡಿದ. ಅಜ್ಜ ಕಿಟಕಿಗೆ ಗಲ್ಲ ಆನಿಸಿ ಕಣ್ಣು ಮುಚ್ಚಿಕೊಂಡಿದ್ದ.

"ಸರಿಯಾಗಿ ಕೂತಿಲ್ಲ," ಎಂದು ಕೂಗಿದ. "ಇನ್ನೊಂದ್ಸಲ ಹಾಕು."

ಮೇಸ್ತ್ರಿ ಬಗ್ಗಿ ನೋಡಿದ. ನಿಜವೇ. ಕೊಕ್ಕೆಯ ಬಾಯಿಯ ಸಂದಿಯಲ್ಲಿ ಕೆಳಗಿನ ಮರಳಿನ ಒಂದೇ ಒಂದು ಹರಳು ಸಿಕ್ಕಿಕೊಂಡಿತ್ತು. ಉಫ್ ಎಂದು ಊದಿ ತೆಗೆದು, ಮತ್ತೆ ಹಾಕಿದ.

"ಒಂದು," ಎಂದ ಅಜ್ಜ.